ಡಾ. ಲೆಸ್ಲಿ ಕೋಲ್ಮನ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಮೈಲುತುತ್ತು ಸುಣ್ಣಗಳ ಬೋರ್ಡೋ ಮದ್ದನ್ನು ಅರಿಯದವರಿಲ್ಲ. ಅದನ್ನು ಅಡಿಕೆಗೆ ಹೊಂದಿಸಿಕೊಟ್ಟ ಡಾ. ಲೆಸ್ಲಿ ಕೋಲ್ಮನ್ನರನ್ನು ಬಲ್ಲವರು ಮಾತ್ರ ವಿರಳ.

ಕೋಲ್ಮನ್ನರು 1878ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಪ್ರಕಟವಾದ ಅವರ ಜರ್ಮನ್ ಪ್ರಬಂಧದಲ್ಲಿ ಅಡಿಕೆಯ ಮಾತಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬಗೆಯೇ ಅದರ ವಿಷಯ.

ನಾನು ಕಲಾವಿಭಾಗದ ವಿದ್ಯಾರ್ಥಿ. ಆದರೂ ಈ ವಿಷಯ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ತೋಟಕ್ಕೆ ಹೊತ್ತು ಹಾಕುವ ಹಟ್ಟಿಗೊಬ್ಬರ ಕೊಳೆತಾಗ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಜೀವಿಗಳು ಅದನ್ನು ನೈಟ್ರೈಟ್ ಮಾಡಿದರೆ, ಮತ್ತೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಬೇರು ಇದನ್ನು ನೀರಿನೊಡನೆ ಹೀರುತ್ತದೆ. ವಿಚಿತ್ರವೆಂದರೆ, ಗಿಡವು ತನ್ನೊಳಗೆ ಬಂದ ಈ ನೈಟ್ರೇಟನ್ನು ಪುನಃ ಅಮೋನಿಯವನ್ನಾಗಿಯೇ ತಿರುಗಿಸಬೇಕು! ಬಂಟ್ವಾಳದವನು ಮಂಗಳೂರಿಗೆ ಮಡಿಕೇರಿಯ ಮೇಲೆ ಹೋದಂತೆ. ಮಾಲಿಬ್ಡಿನಮ್ ಎಂಬ ಲೋಹವನ್ನು ಕಿಂಚಿತ್ ಪ್ರಮಾಣದಲ್ಲಿ ಹೊಂದಿರುವ ಒಂದು ಕಿಣ್ವ ಮೊದಲು ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಜೀವಕೋಶಕ್ಕೆ ವಿಷ. ಆದುದರಿಂದ ಎಲೆಯ ಹಸಿರುಕಣಗಳಲ್ಲಿ ಇನ್ನೊಂದು ಕಿಣ್ವ, ಬಿಸಿಲಿನಿಂದ ದೊರೆತ ಶಕ್ತಿಯನ್ನು ಬಳಸಿ, ಅದನ್ನು ಒಡನೆಯೇ ಅಮೋನಿಯ ಮಾಡುತ್ತದೆ. ಒಟ್ಟು 8 ಎಲೆಕ್ಟ್ರಾನುಗಳ ವೆಚ್ಚ. ಅಮೋನಿಯವೂ ಕೂಡಿಟ್ಟುಕೊಳ್ಳುವ ವಸ್ತುವಲ್ಲ. ಅದು ಕೂಡಲೇ ಗ್ಲುಟಮಿನ್ ಆಗಿ, ಮುಂದೆ ಸಸಾರಜನಕವಾಗಿ ಗಿಡದ ಮೈಸೇರುತ್ತದೆ.

ಇಷ್ಟು ದುಡಿದು ಮರ ಕಟ್ಟಿದ ಗೊನೆ ಆಷಾಢದ ಮಳೆಗೆ ಕೊಳೆತು ಉದುರಿದರೆ? ನಮ್ಮವರು ಮಹಾಳಿಯೆನ್ನುವ ಈ ಕೊಳೆರೋಗವೇ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೋಲ್ಮನ್ನರನ್ನು ಎದುರುಗೊಂಡಿತು. ಮಲೆನಾಡಿನವರು ಆಗ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆನ್ನಟ್ಟಿ ಪಳಗಿದ ಕಣ್ಣು, ಶಿಲೀಂಧ್ರದಂತಹ ಈ ಶತ್ರುವನ್ನು ಬೇಗನೆ ಗುರುತಿಸಿತೆಂದು ನನ್ನ ಎಣಿಕೆ. ಫ್ರಾನ್ಸಿನ ದ್ರಾಕ್ಷಿತೋಟಗಳ ಮದ್ದನ್ನು ಅವರು ಅಡಿಕೆಗೆ ಪ್ರಯೋಗಿಸಿ, 1910ರಲ್ಲಿ ವರದಿ ಪ್ರಕಟಿಸಿದರು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅವರ ಅಧಿಕಾರ ಘಟ್ಟದ ಮೇಲೆಯೇ ಮುಗಿಯುತ್ತಿತ್ತು. ಮದ್ದು ಘಟ್ಟ ಇಳಿಯಿತು.

ನನ್ನ ತಂದೆಯವರು ಮರವೇರಿ ಆ ಮದ್ದು ಬಿಡುವ ಕೂಲಿಯವರು. ಮಹಾಳಿ ಬಡಿದ ವರ್ಷ ತೋಟದ ಧನಿಗಳಿಗೆ ನಷ್ಟ. ನಮಗೆ ಕೊಯ್ಲಿನ ಕೆಲಸವೇ ಇಲ್ಲ. ನನ್ನ ಕಾಲೇಜು ಶುಲ್ಕ ಆ ಕೂಲಿಯದು.

ಕೋಲ್ಮನ್ನರು ಮೈಸೂರಿನ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಅವರ ಕಾಲದಲ್ಲಿ ಆರಂಭವಾದವು. 1934ರಲ್ಲಿ ಮೈಸೂರನ್ನು ಬಿಟ್ಟ ಅವರು 1954ರಲ್ಲಿ ತೀರಿಕೊಂಡರು.