ಕಬ್ಬಿಣಕ್ಕೆ ನುಣುಪು ತಂದ ಹೆನ್ರಿ ಮಾಡ್ಸ್ಲೆ

ಉಗಿಯಂತ್ರದ ಮಾತು ಬಂದೊಡನೆ ಜೇಮ್ಸ್ ವಾಟನನ್ನೂ, ರೈಲಿನ ಮಾತು ಬಂದೊಡನೆ ಜಾರ್ಜ್ ಸ್ಟೀಫನ್‌ಸನ್ನನ್ನೂ ನೆನೆಯುವುದು ನಮಗೆ ಶಾಲೆಯ ದಿನಗಳಿಂದ ಬಂದ ರೂಢಿ. ಆದರೆ ಪಿಸ್ಟನ್ನಿನ ಸಲಾಕೆಯು ನೆಟ್ಟಗೂ ನುಣುಪಾಗಿಯೂ ಇಲ್ಲದಿದ್ದರೆ ಉಗಿಯು ಸಂದುಗಳಲ್ಲಿ ಸೋರಿ ಯಂತ್ರವು ನಿಂತುಬಿಡುತ್ತದೆ. ತಿರುಗುವ ಅಚ್ಚು ಒರಟಾಗಿದ್ದರೆ ಅದು ತನ್ನ ಬೇರಿಂಗನ್ನೇ ತಿಂದುಹಾಕುತ್ತದೆ. ಆ ನೆಟ್ಟತನವನ್ನೂ ನುಣುಪನ್ನೂ ಒಬ್ಬ ಕುಶಲಿಯ ಕೈಚಳಕವೆಂಬ ಸ್ಥಿತಿಯಿಂದ ಬಿಡಿಸಿ ಯಂತ್ರದ ಗುಣವನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯನು ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ. ಮುಂಬಯಿ, ಪುಣೆಗಳ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತು ಬಾಳು ಸವೆಸಿದ ಓದುಗರು ನಮ್ಮಲ್ಲಿ ಇದ್ದಾರೆ. ಅವರ ಕೈಕೆಳಗಿನ ಯಂತ್ರಕ್ಕೆ ಈಗಿನ ರೂಪವನ್ನು ಕೊಟ್ಟ ಪುರುಷನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮಾಡ್ಸ್ಲೆಯು 1771ನೆಯ ಇಸವಿಯ ಆಗಸ್ಟ್ 22ರಂದು ಲಂಡನ್ನಿನ ಸಮೀಪದ ವುಲಿಚ್‌ನಲ್ಲಿ ಜನಿಸಿದನು. ತಂದೆ ಸೈನ್ಯದಲ್ಲಿ ಗಾಲಿ ಕೆಲಸದ ಬಡಗಿಯಾಗಿದ್ದು, ಗಾಯಗೊಂಡ ಮೇಲೆ ಅಲ್ಲಿನ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ನೌಕರಿ ಹಿಡಿದಿದ್ದನು. 1780ರಲ್ಲಿ ತಂದೆ ತೀರಿಕೊಂಡನು. ಏಳು ಮಕ್ಕಳ ಸಂಸಾರ. ಹುಡುಗನು ಹನ್ನೆರಡನೆಯ ವಯಸ್ಸಿನಲ್ಲೇ ಅದೇ ಕಾರ್ಖಾನೆಯಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಬೇಕಾಯಿತು. ಎರಡು ವರ್ಷಗಳ ತರುವಾಯ ಅವನನ್ನು ಬಡಗಿಗಳ ಶಾಲೆಗೆ ಹಾಕಿದರು. ಮರವು ಅವನಿಗೆ ಒಗ್ಗಲಿಲ್ಲ. ಮನಸ್ಸೆಲ್ಲ ಪಕ್ಕದ ಕುಲುಮೆಯ ಕಡೆಗೇ ಹರಿಯುತ್ತಿತ್ತು. ಹದಿನೈದನೆಯ ವಯಸ್ಸಿನಲ್ಲಿ ಕಮ್ಮಾರಶಾಲೆಯನ್ನು ಸೇರಿದ ಮೇಲೆ ಅವನು ಹಿಂದಿರುಗಿ ನೋಡಲಿಲ್ಲ.

ಆ ದಿನಗಳಲ್ಲಿ ಲಂಡನ್ನಿನ ಜೋಸೆಫ್ ಬ್ರಾಮನೆಂಬ ಯಂತ್ರಶಿಲ್ಪಿಯು ಕಳ್ಳರಿಗೆ ಮಣಿಯದ ಹೊಸ ಬೀಗವೊಂದನ್ನು ಕಲ್ಪಿಸಿದ್ದನು. ಕಲ್ಪನೆ ಚೆನ್ನಾಗಿತ್ತು, ಆದರೆ ಅದರ ಒಳಗಿನ ಸೂಕ್ಷ್ಮ ಭಾಗಗಳನ್ನು ಒಂದೇ ಅಳತೆಯಲ್ಲಿ ಮಾಡಿಕೊಡುವ ಕೆಲಸಗಾರರು ಸಿಕ್ಕಲಿಲ್ಲ. ಯಾರೋ ವುಲಿಚ್‌ನ ತರುಣ ಕಮ್ಮಾರನ ಹೆಸರನ್ನು ಹೇಳಿದರು. 1789ರಲ್ಲಿ ಹದಿನೆಂಟು ವರ್ಷದ ಮಾಡ್ಸ್ಲೆ ಬ್ರಾಮನ ಕೆಲಸಕ್ಕೆ ಬಂದನು. ಬೀಗದ ಭಾಗಗಳನ್ನು ಒಂದೊಂದಾಗಿ ಅರದಿಂದ ತಿದ್ದುವುದಕ್ಕೆ ಬದಲಾಗಿ, ಅವುಗಳನ್ನು ಮಾಡುವ ಯಂತ್ರಗಳನ್ನೇ ಅವನು ಮೊದಲು ಮಾಡಿದನು. ಬ್ರಾಮನು ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ಇರಿಸಿ, ಅದನ್ನು ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿಗಳ ಬಹುಮಾನವನ್ನು ಘೋಷಿಸಿದನು. ಅದು 1851ರವರೆಗೆ ಯಾರಿಗೂ ಮಣಿಯಲಿಲ್ಲ. ಆ ವರ್ಷ ಅಮೆರಿಕದ ಹಾಬ್ಸ್ ಎಂಬಾತನು 50ಕ್ಕೂ ಹೆಚ್ಚು ಗಂಟೆ ಹೆಣಗಿ ಅದನ್ನು ತೆರೆದನು. ಆ ಬೀಗವು ಮಾಡ್ಸ್ಲೆಯ ಕೈಯಿಂದ ಬಂದದ್ದು.

1791ರಲ್ಲಿ ಆತನು ಬ್ರಾಮನ ಮನೆಯ ಕೆಲಸದಾಕೆಯಾಗಿದ್ದ ಸಾರಾ ಟಿಂಡೇಲಳನ್ನು ವರಿಸಿದನು. ಸಂಸಾರ ಬೆಳೆಯಿತು. ಕಾರ್ಖಾನೆಯ ಮೇಲ್ವಿಚಾರಣೆಯೂ ಆತನ ಪಾಲಿಗೆ ಬಂದಿತ್ತು. ಆದರೆ ವೇತನ ಮಾತ್ರ ವಾರಕ್ಕೆ 30 ಷಿಲಿಂಗು. 1797ರಲ್ಲಿ ಹೆಚ್ಚಿಗೆ ಕೇಳಿದಾಗ ಬ್ರಾಮನು ನಿಷ್ಠುರವಾಗಿ ನಿರಾಕರಿಸಿದನು. ಮಾಡ್ಸ್ಲೆ ಕೆಲಸ ಬಿಟ್ಟನು. ವೆಲ್ಸ್ ಬೀದಿಯಲ್ಲಿ ಒಂದು ಪುಟ್ಟ ಕಮ್ಮಟವನ್ನು ತೆರೆದನು. ಎಂಟು ವರ್ಷ ದುಡಿದ ಕೈಗೆ ಕೆಲವು ಷಿಲಿಂಗುಗಳನ್ನು ಹೆಚ್ಚಿಸಲಾರದ ಯಜಮಾನನ ಜಿಪುಣತನಕ್ಕೆ ಲೋಕವು ಋಣಿಯಾಗಿರಬೇಕೆಂದು ನಮಗೆ ತೋರುತ್ತದೆ.

ಆತನು ಮಾಡಿದ ದೊಡ್ಡ ಕೆಲಸ ಯಾವುದೆಂದು ತಿಳಿಯಬೇಕಾದರೆ ಅದಕ್ಕೆ ಮುಂಚಿನ ಲೇತ್ ಹೇಗಿತ್ತೆಂಬುದನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಕಾಲಿನಿಂದ ತುಳಿಯುವ ಹಲಗೆಯೋ ಒಬ್ಬ ಆಳು ತಿರುಗಿಸುವ ಚಕ್ರವೋ ಲೋಹದ ಸಲಾಕೆಯನ್ನು ಸುತ್ತಿಸುತ್ತಿತ್ತು. ಟರ್ನರನು ಉದ್ದ ಹಿಡಿಯ ಉಳಿಯನ್ನು ಒಂದು ಕಬ್ಬಿಣದ ಆಸರೆಯ ಮೇಲಿಟ್ಟು, ಎರಡು ಕೈಗಳಿಂದಲೂ ಅಮುಕಿ ಹಿಡಿದು, ಎಡದಿಂದ ಬಲಕ್ಕೆ ತನ್ನ ಅಂದಾಜಿನಲ್ಲಿ ಸರಿಸುತ್ತಿದ್ದನು. ಮರಕ್ಕಾದರೆ ಇದು ಸಾಕು. ಕಬ್ಬಿಣವು ಹಾಗೆ ಬಗ್ಗುವುದಿಲ್ಲ. ಲೋಹದ ಗಡುಸಾದ ಭಾಗ ಎದುರಾದೊಡನೆ ಉಳಿಯು ಹಿಂದಕ್ಕೆ ಜಿಗಿಯುತ್ತದೆ. ಮೆದುವಾದ ಭಾಗ ಬಂದೊಡನೆ ಒಳಕ್ಕೆ ಕಚ್ಚುತ್ತದೆ. ಕೈ ದಣಿದಷ್ಟೂ ನಡುಕ ಹೆಚ್ಚುತ್ತದೆ. ಆ ನಡುಕವೆಲ್ಲ ಸಲಾಕೆಯ ಮೇಲೆ ಅಲೆಅಲೆಯಾಗಿ ಮೂಡಿ ನಿಲ್ಲುತ್ತದೆ. ಬಳಿಕ ಅರ ಹಾಕಿ, ಎಮರಿಯ ಪುಡಿಯಿಂದ ಉಜ್ಜಿ ಹೊಳಪು ತರುತ್ತಿದ್ದರು. ಹೊಳಪೇನೋ ಬರುತ್ತಿತ್ತು. ಆದರೆ ಎಮರಿಯು ಉಬ್ಬನ್ನೂ ತಗ್ಗನ್ನೂ ಸಮನಾಗಿ ಬೆಳಗುತ್ತದೆಯೇ ಹೊರತು ತಗ್ಗನ್ನು ತುಂಬಲಾರದು. ಕನ್ನಡಿಯಂತೆ ಹೊಳೆಯುವ ಅಚ್ಚು ಬೇರಿಂಗಿನೊಳಗೆ ಕೂತಾಗ ನಾಲ್ಕಾರು ಉಬ್ಬುಗಳ ಮೇಲೆ ಮಾತ್ರ ಭಾರ ಹೊರುತ್ತಿತ್ತು, ಬಿಸಿಯೇರುತ್ತಿತ್ತು, ಬೇಗ ಸವೆಯುತ್ತಿತ್ತು.

ಮಾಡ್ಸ್ಲೆಯು ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿದನು. ಅದನ್ನು ಕಬ್ಬಿಣದ ಗಟ್ಟಿಯೊಂದಕ್ಕೆ ಬಿಗಿದು, ಆ ಗಟ್ಟಿಯು ನೇರವಾದ ಲೋಹದ ಹಳಿಗಳ ಮೇಲೆ ಜಾರುವಂತೆ ಮಾಡಿದನು. ಇದೇ ಸ್ಲೈಡ್ ರೆಸ್ಟ್. ಅದನ್ನು ಮುಂದಕ್ಕೆ ಎಳೆಯಲು ಉದ್ದವಾದ ಲೀಡ್ ಸ್ಕ್ರೂವನ್ನು ಅಳವಡಿಸಿ, ಆ ಸ್ಕ್ರೂವಿಗೂ ತಿರುಗುವ ಸಲಾಕೆಗೂ ನಡುವೆ ಹಲ್ಲುಗಾಲಿಗಳನ್ನು ಸೇರಿಸಿದನು. ಗಾಲಿಗಳನ್ನು ಬದಲಿಸಿದರೆ ಉಳಿಯ ನಡಿಗೆಯೂ ಬದಲಾಗುತ್ತಿತ್ತು. ಸಲಾಕೆ ಒಂದು ಸುತ್ತು ಸುತ್ತುವಷ್ಟರಲ್ಲಿ ಉಳಿಯು ನಿಗದಿಯಾದಷ್ಟೇ ದೂರವನ್ನು ಸರಿಯುತ್ತದೆ. ಮುಂದಿನ ಸುತ್ತಿಗೂ ಅಷ್ಟೇ. ಸಾವಿರದ ಸುತ್ತಿಗೂ ಅಷ್ಟೇ. 1797ರಿಂದ 1800ರ ಅವಧಿಯಲ್ಲಿ ಈ ಲೇತ್ ರೂಪುಗೊಂಡಿತು. ಇವೆಲ್ಲವನ್ನೂ ಆತನೊಬ್ಬನೇ ಮೊದಲು ಕಂಡುಹಿಡಿದನೆನ್ನುವುದು ಸಲ್ಲದು. ಫ್ರಾನ್ಸಿನ ವೋಕಾನ್ಸನ್, ಇಂಗ್ಲೆಂಡಿನ ಜೆಸ್ಸಿ ರಾಮ್ಸ್‌ಡೆನ್ ಮೊದಲಾದವರು ಇದೇ ದಾರಿಯಲ್ಲಿ ಮುಂಚೆಯೇ ಹೆಜ್ಜೆಯಿಟ್ಟಿದ್ದರು. ಆದರೆ ಬಿಡಿ ಉಪಾಯಗಳನ್ನು ಒಂದುಗೂಡಿಸಿ, ಮರದ ಚೌಕಟ್ಟನ್ನು ತ್ಯಜಿಸಿ, ಪೂರ್ತಿ ಲೋಹದಿಂದ ಅಲುಗದಂತೆ ಕಟ್ಟಿ, ನಿತ್ಯದ ಕೆಲಸಕ್ಕೆ ತಂದ ಕೀರ್ತಿ ಮಾಡ್ಸ್ಲೆಗೆ ಸಲ್ಲುತ್ತದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಲೇತ್‌ಗಳನ್ನು ನಡೆಸಿದವರು ಈ ವರ್ಣನೆಯಲ್ಲಿ ತಮ್ಮ ಯಂತ್ರದ ಅಂಗಾಂಗಗಳನ್ನೇ ಗುರುತಿಸಿಕೊಳ್ಳಬಹುದು.

ಉಳಿಯ ನಡಿಗೆಯನ್ನು ಹೀಗೆ ನಿಯಮಕ್ಕೆ ಒಳಪಡಿಸಿದ್ದರಿಂದ ನುಣುಪಿಗೆ ಏನು ಲಾಭವಾಯಿತೆಂಬುದನ್ನು ಈಗಿನ ತಿಳಿವಳಿಕೆಯ ಬೆಳಕಿನಲ್ಲಿ ವಿವರಿಸಬಹುದು. ಲೇತ್‌ನಲ್ಲಿ ಕೊರೆದ ಮೇಲ್ಮೈಯು ಎಷ್ಟೇ ನುಣುಪಾಗಿ ಕಂಡರೂ ಅದೊಂದು ಅತಿ ಸೂಕ್ಷ್ಮವಾದ ತಿರುಪು. ಟೂಲಿನ ಮೂಗು ಒಂದು ಸುತ್ತಿಗೊಂದು ಗೆರೆ ಎಳೆಯುತ್ತದೆ. ಎರಡು ಗೆರೆಗಳ ನಡುವೆ ಒಂದು ಸಣ್ಣ ದಿಣ್ಣೆ ಉಳಿಯುತ್ತದೆ. ಒಂದು ಸುತ್ತಿಗೆ ಟೂಲು ಸರಿಯುವ ದೂರವನ್ನು ಫೀಡು ಎನ್ನುತ್ತಾರೆ. ಫೀಡನ್ನು ಅದರಿಂದಲೇ ಗುಣಿಸಿ, ಟೂಲಿನ ಮೂಗಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಆ ದಿಣ್ಣೆಯ ಎತ್ತರವು ಹೆಚ್ಚುಕಡಿಮೆ ದೊರೆಯುತ್ತದೆ. ಮೂಗಿನ ತ್ರಿಜ್ಯವು 0.8 ಮಿಲಿಮೀಟರ್, ಫೀಡು 0.2 ಮಿಲಿಮೀಟರ್ ಇದ್ದರೆ ದಿಣ್ಣೆಯು ಮಿಲಿಮೀಟರಿನ ಸಾವಿರದ ಆರು ಭಾಗದಷ್ಟು. ಫೀಡನ್ನು ಅರ್ಧಕ್ಕಿಳಿಸಿದರೆ ದಿಣ್ಣೆಯು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕೈಯಿಂದ ಉಳಿ ಹಿಡಿದವನಿಗೆ ಈ ಲೆಕ್ಕದಿಂದ ಪ್ರಯೋಜನವಿಲ್ಲ. ಅವನ ಫೀಡು ಸುತ್ತುಸುತ್ತಿಗೂ ಬೇರೆಯಾಗುತ್ತದೆ.

ಇದು ಲೆಕ್ಕದ ಮಾತು. ಯಂತ್ರದಲ್ಲಿ ಎಲ್ಲಿಯಾದರೂ ಸಡಿಲವಿದ್ದರೆ, ಟೂಲು ತನ್ನ ಹಿಡಿಕೆಯಿಂದ ಬಹಳ ಹೊರಗೆ ಚಾಚಿದ್ದರೆ, ನಡುಕ ಹುಟ್ಟಿ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ. ಅಲಗು ಮೊಂಡಾದರೆ ಅದು ಕತ್ತರಿಸದೆ ಉಜ್ಜುತ್ತದೆ. ಮೆದು ಉಕ್ಕನ್ನು ನಿಧಾನವಾಗಿ ಕೊರೆಯುವಾಗ ಉಕ್ಕಿನ ಕಣಗಳೇ ಅಲಗಿಗೆ ಅಂಟಿಕೊಂಡು, ಆಗಾಗ ಕಿತ್ತುಬಂದು ಮೇಲ್ಮೈಯನ್ನು ಹರಿಯುತ್ತವೆ. ಇಂದಿನ ಟರ್ನರನು ಕಾರ್ಬೈಡ್ ಟೂಲು ಹಾಕಿ, ವೇಗ ಹೆಚ್ಚಿಸಿ, ಆ ಕಾಟದಿಂದ ಪಾರಾಗುತ್ತಾನೆ. ಮಾಡ್ಸ್ಲೆಗೆ ಆ ಸೌಕರ್ಯ ಇರಲಿಲ್ಲ. ಆಗಿನ ಉಕ್ಕಿನ ಉಳಿಯು ವೇಗ ಹೆಚ್ಚಿದರೆ ಕಾದು ತನ್ನ ಗಡಸನ್ನೇ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಹರಿತವಾದ ಅಲಗು, ಸಣ್ಣ ಫೀಡು, ಅಲುಗದ ಯಂತ್ರ, ಇವೇ ಅವನಿಗಿದ್ದ ಬಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಲೇತ್ ನೇರವಾಗಿ ಕೊರೆಯಬೇಕಾದರೆ ಅದರ ಹಳಿಗಳು ನೇರವಾಗಿರಬೇಕು. ಆ ಹಳಿಗಳನ್ನು ನೇರಮಾಡುವ ಯಂತ್ರ ಆಗ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ. ಅವು ಕೈಯಿಂದಲೇ ಆಗಬೇಕಾಗಿತ್ತು. ಮಾಡ್ಸ್ಲೆಯ ಕೈ ಅಂತಹುದು. 18 ಅಂಗುಲದ ಅರವನ್ನು ಆತನು ಬಳಸುತ್ತಿದ್ದ ಪರಿಯನ್ನು ಹಳೆಯ ಕೆಲಸಗಾರರು ಬಹುಕಾಲದ ಮೇಲೂ ಸ್ಮರಿಸುತ್ತಿದ್ದರು. ತನ್ನ ಶಾಲೆಯ ಕೆಲಸದ ಮೇಜುಗಳಿಗೆ ಆತನು ಸಮತಟ್ಟಾದ ಲೋಹದ ಫಲಕಗಳನ್ನು ಒದಗಿಸಿದ್ದನು. ಫಲಕಕ್ಕೆ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣವನ್ನು ತೆಳುವಾಗಿ ಸವರಿ, ಮಾಡಿದ ವಸ್ತುವನ್ನು ಅದರ ಮೇಲೆ ಉಜ್ಜಬೇಕು. ಉಬ್ಬಿದ್ದಲ್ಲಿ ಬಣ್ಣ ಹತ್ತುತ್ತದೆ. ಅಷ್ಟನ್ನು ಮಾತ್ರ ಹೆರೆದು ಮತ್ತೆ ಉಜ್ಜಬೇಕು. ಬಣ್ಣವು ಎಲ್ಲೆಡೆಯೂ ಸಮನಾಗಿ ಹರಡುವವರೆಗೆ ಈ ತಪಸ್ಸು ಸಾಗಬೇಕು. ಕೈಯ ತಪ್ಪನ್ನು ನಿವಾರಿಸುವ ಯಂತ್ರವು ಹೀಗೆ ಕೈಯ ಪರಮ ಕೌಶಲದಿಂದಲೇ ಹುಟ್ಟಿತು.

ಅಳತೆಯ ವಿಷಯದಲ್ಲೂ ಆತನದು ಇದೇ ಹಟ. ಅಂಗುಲಕ್ಕೆ 100 ಸುತ್ತುಗಳಿರುವ ತಿರುಪಿಗೆ 100 ಭಾಗಗಳ ಗಾಲಿಯನ್ನು ಜೋಡಿಸಿ, ಅಂಗುಲದ ಹತ್ತು ಸಾವಿರದ ಒಂದು ಭಾಗವನ್ನು ತೋರಿಸುವ ಮೈಕ್ರೋಮೀಟರನ್ನು ಆತನು ತನ್ನ ಶಾಲೆಯಲ್ಲಿ ಇರಿಸಿದ್ದನು. ಕೆಲಸಗಾರರ ನಡುವೆ ಅಳತೆಯ ಬಗ್ಗೆ ತಕರಾರು ಎದ್ದರೆ ಅದರ ತೀರ್ಪೇ ಕೊನೆಯದು; ಅದಕ್ಕೆಂದೇ ಅದಕ್ಕೆ ಲಾರ್ಡ್ ಚಾನ್ಸಲರ್ ಎಂದು ಹೆಸರು ಬಿದ್ದಿತ್ತು. ಇನ್ನೊಮ್ಮೆ ಐದು ಅಡಿ ಉದ್ದದ, ಎರಡು ಅಂಗುಲ ದಪ್ಪದ, ಅಂಗುಲಕ್ಕೆ 50 ಸುತ್ತುಗಳ ಒಂದು ತಿರುಪನ್ನು ಮಾಡಿದನು. ಅದರ ನಟ್ಟು 12 ಅಂಗುಲ ಉದ್ದ. ಅದರೊಳಗೆ 600 ಸುತ್ತುಗಳು. ಒಂದೆರಡು ಸುತ್ತು ಒರಟಾಗಿದ್ದರೂ ಅಂತಹ ನಟ್ಟು ಕಚ್ಚಿಕೊಂಡು ನಿಂತುಬಿಡುವುದೆಂಬುದು ಕಸುಬು ಬಲ್ಲವರಿಗೆ ಹೇಳಬೇಕಾದ ಮಾತಲ್ಲ.

ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಒಂದು ಸುಂದರವಾದ ತಿರುಪೇ ಆತನಿಗೆ ಭಾಗ್ಯವನ್ನು ತಂದಿತೆಂದು ಆತನ ಚರಿತ್ರಕಾರರು ಬರೆದಿದ್ದಾರೆ. ಅದನ್ನು ಕಂಡ ಫ್ರೆಂಚ್ ಗೃಹಸ್ಥನೊಬ್ಬನು ತನ್ನ ಪರಿಚಿತನಾದ ಮಾರ್ಕ್ ಬ್ರೂನೆಲನಿಗೆ ತಿಳಿಸಿದನು. ಹಡಗುಗಳ ಹಾಯಿಹಗ್ಗಕ್ಕೆ ಬೇಕಾದ ರಾಟೆಗಳನ್ನು ಯಂತ್ರದಿಂದ ಮಾಡುವ ಯೋಜನೆಯು ಬ್ರೂನೆಲನ ಕೈಯಲ್ಲಿತ್ತು, ಕಟ್ಟಿಕೊಡುವವರು ಬೇಕಾಗಿದ್ದರು. ಪೋರ್ಟ್ಸ್‌ಮತ್ ನೌಕಾಂಗಣಕ್ಕಾಗಿ ಮಾಡ್ಸ್ಲೆಯು ಅಂತಹ 40ಕ್ಕೂ ಹೆಚ್ಚು ಯಂತ್ರಗಳನ್ನು ನಿರ್ಮಿಸಿಕೊಟ್ಟನು. 1808ರ ಹೊತ್ತಿಗೆ ಅಲ್ಲಿ ವರ್ಷಕ್ಕೆ 1,30,000 ರಾಟೆಗಳು ಸಿದ್ಧವಾಗುತ್ತಿದ್ದವು. 110 ಕುಶಲಿಗಳ ಕೆಲಸವನ್ನು ಕಸುಬರಿಯದ 10 ಮಂದಿ ಪೂರೈಸುತ್ತಿದ್ದರು. ಉಳಿದ ನೂರು ಮನೆಗಳ ಒಲೆಯ ಕಥೆಯನ್ನು ಯಂತ್ರಶಾಸ್ತ್ರದ ಚರಿತ್ರಕಾರರು ಅಷ್ಟಾಗಿ ವಿಚಾರಿಸುವುದಿಲ್ಲ. ಗಿರಣಿಗಳು ಮುಚ್ಚಿದ ಊರಿನಲ್ಲಿ ವಾಸಿಸುವ ನಮಗೆ ಅದನ್ನು ಮರೆತು ಮುಂದೆ ಸಾಗುವುದು ಸುಲಭವಲ್ಲ.

1810ರಲ್ಲಿ ಕಾರ್ಖಾನೆಯು ಲ್ಯಾಂಬೆತ್‌ಗೆ ವರ್ಗವಾಯಿತು. ಮುಂದೆ ಜಾಷುವಾ ಫೀಲ್ಡನು ಪಾಲುದಾರನಾದನು. ಹಡಗಿನ ಉಗಿಯಂತ್ರಗಳು ಅಲ್ಲಿಂದ ಹೊರಟವು. ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ಕೊರೆಯಲು ಬ್ರೂನೆಲನು ಬಳಸಿದ ಕಬ್ಬಿಣದ ಕವಚವೂ ಅಲ್ಲಿಯೇ ತಯಾರಾಯಿತು. ಆದರೆ ಕಾರ್ಖಾನೆಯ ಹೆಚ್ಚಿನ ಸಂಪತ್ತು ಅಲ್ಲಿ ಪಳಗಿದ ಜನರೇ. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, ಜೇಮ್ಸ್ ನೇಸ್ಮಿತ್, ಜೋಸೆಫ್ ವಿಟ್‌ವರ್ತ್ ಇವರೆಲ್ಲರೂ ಆ ಶಾಲೆಯವರು. ಎರಕದ ಒಳಮೂಲೆಗಳನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಬೇಕು, ಬಿರುಕು ಅಲ್ಲಿಂದಲೇ ಹೊರಡುತ್ತದೆಂಬ ಪಾಠವನ್ನು ಮಾಡ್ಸ್ಲೆ ತನಗೆ ಕಲಿಸಿದನೆಂದು ನೇಸ್ಮಿತ್‌ನು ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ.

ಇಳಿವಯಸ್ಸಿನಲ್ಲಿ ಮಾಡ್ಸ್ಲೆಗೆ ಆಕಾಶದ ಹುಚ್ಚು ಹತ್ತಿತು. ದೊಡ್ಡದೊಂದು ದೂರದರ್ಶಕವನ್ನು ತಾನೇ ನಿರ್ಮಿಸಬೇಕೆಂದಿದ್ದನು. ಅದು ಕೈಗೂಡಲಿಲ್ಲ. ಫ್ರಾನ್ಸಿನಿಂದ ಕಡಲು ದಾಟಿ ಹಿಂದಿರುಗುವಾಗ ನೆಗಡಿ ಹಿಡಿದು, ಅದೇ ವಿಷಮಿಸಿ 1831ರ ಫೆಬ್ರವರಿ 14ರಂದು ಆತನು ಕಾಲವಾದನು. ವುಲಿಚ್‌ನಲ್ಲಿ, ತಾನೇ ರೂಪಿಸಿದ್ದ ಬೀಡು ಕಬ್ಬಿಣದ ಸಮಾಧಿಯಲ್ಲಿ ಆತನನ್ನು ಇರಿಸಿದರು. ಎರಡು ವರ್ಷಗಳ ನಂತರ ವಿಟ್‌ವರ್ತ್‌ನು ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆಯನ್ನು ತೆರೆದನು. ಎರಡೇ ಫಲಕಗಳನ್ನು ಒಂದಕ್ಕೊಂದು ಉಜ್ಜಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿಯೂ ಹೊಂದಿಕೊಂಡುಬಿಡಬಹುದು. ಮೂರು ಫಲಕಗಳನ್ನು ಪರಸ್ಪರ ಹೋಲಿಸಿ ಹೆರೆದರೆ ಮಾತ್ರ ಮೂರೂ ನಿಜವಾಗಿ ಸಮತಟ್ಟಾಗುತ್ತವೆ. 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ್ದ ವಿದ್ವಾಂಸರ ಸಭೆಯಲ್ಲಿ ಸಮತಟ್ಟಾದ ಮೇಲ್ಮೈಗಳನ್ನು ಸಿದ್ಧಪಡಿಸುವ ಕ್ರಮವನ್ನು ವಿಟ್‌ವರ್ತ್‌ನು ವಿವರಿಸಿದನು. ಎಮರಿ ಹಾಕಿ ಉಜ್ಜುವ ಹಳೆಯ ಪದ್ಧತಿಗಿಂತ ಹೆರೆಯುವುದೇ ಮೇಲೆಂಬುದು ಅವನ ವಾದವಾಗಿತ್ತು. ಮಾಡ್ಸ್ಲೆಯ ತಿರುಪು ಕೊರೆಯುವ ಲೇತ್ ಯಂತ್ರವೂ ಆ ಲಾರ್ಡ್ ಚಾನ್ಸಲರ್ ಮೈಕ್ರೋಮೀಟರೂ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಸುರಕ್ಷಿತವಾಗಿವೆ.