ವಿಮಾನಗಳಿಗೆ ಆಂಟೆನಾ ರೂಪಿಸಿದ ಡಾ. ರಾಜೇಶ್ವರಿ ಚಟರ್ಜಿ

ಬಾರಾಮತಿ: ತರಬೇತಿಯ ಪುಟ್ಟ ವಿಮಾನಗಳು ತಲೆಯ ಮೇಲೆ ಹಾರುವುದು ಇಲ್ಲಿನ ಕನ್ನಡಿಗರಿಗೆ ಹೊಸತಲ್ಲ. ಆದರೆ ಹಾರುವ ವಿಮಾನ ನೆಲದೊಡನೆ ಮಾತಾಡಬೇಕಾದರೆ ಆಂಟೆನಾ ಬೇಕೇ ಬೇಕು. ಆ ವಿದ್ಯೆಯನ್ನು ದೇಶದಲ್ಲಿ ಬೆಳೆಸಿದವರಲ್ಲಿ ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರ್ ಡಾ. ರಾಜೇಶ್ವರಿ ಚಟರ್ಜಿ ಪ್ರಮುಖರು.

1922ರಲ್ಲಿ ಜನಿಸಿದ ಇವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಅಜ್ಜಿಯೇ ಓದಿದವರಾದ್ದರಿಂದ ಮನೆಯಲ್ಲಿ ತಡೆಯಿರಲಿಲ್ಲ, ತಡೆಯಿದ್ದದ್ದು ಹೊರಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿ ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬಯಸಿದಾಗ, ಭೌತಶಾಸ್ತ್ರದ ಪದವಿಯಿಲ್ಲವೆಂಬ ಕಾರಣಕ್ಕೆ ಅವಕಾಶ ದೊರೆಯಲಿಲ್ಲ. ಆ ಬಾಗಿಲು ಮುಚ್ಚಿದ್ದೇ ಒಳಿತಾಯಿತೆನ್ನಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ವಿದ್ಯುತ್ ತಂತ್ರಜ್ಞಾನದತ್ತ ಹೊರಳಿದರು.

ಸರಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಹೆಣ್ಣುಮಕ್ಕಳನ್ನು ಪಕ್ಕದೂರಿಗೆ ಕಳುಹಿಸಲೂ ಹಿಂಜರಿಯುತ್ತಿದ್ದ ಕಾಲವದು. 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಗೆ ಬುನಾದಿ ಹಾಕಿದರು. ವಿಮಾನ ಹಾಗೂ ರಾಡಾರುಗಳಲ್ಲಿ ಬಳಸುವ ಆಂಟೆನಾಗಳ ಕುರಿತು ಅವರು ನಡೆಸಿದ ಅಧ್ಯಯನ ನೂರಕ್ಕೂ ಹೆಚ್ಚು ಪ್ರಬಂಧಗಳಲ್ಲಿದೆ. ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು.

ವಿಭಾಗದ ಮುಖ್ಯಸ್ಥೆಯೂ ಆಗಿದ್ದ ಅವರು 1982ರಲ್ಲಿ ನಿವೃತ್ತರಾದ ಬಳಿಕ ಮಹಿಳಾ ಅಧ್ಯಯನ ಸಂಘದ ಕೆಲಸದಲ್ಲಿ ತೊಡಗಿದರು. 2010ರ ಸೆಪ್ಟೆಂಬರ್ 3ರಂದು ನಿಧನರಾದರು. ಮಗಳು ಇಂದಿರಾ ಸಹ ಅಮೆರಿಕದಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.