ವಿಜ್ಞಾನಿ ಎಸ್. ಪಂಚರತ್ನಂ

ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಅಲೆಗಳು ಒಂದೇ ತಲದಲ್ಲಿ ಸಾಗುತ್ತವೆ. ಕೈಯನ್ನು ವೃತ್ತಾಕಾರವಾಗಿ ತಿರುಗಿಸಿದರೆ ಅವು ಸುರುಳಿಯಾಗಿ ಸಾಗುತ್ತವೆ. ಬೆಳಕಿನ ಅಲೆಗಳಲ್ಲಿಯೂ ಇಂತಹ ಭೇದವುಂಟು. ಮೊದಲನೆಯದು ರೇಖೀಯ ಧ್ರುವೀಕರಣ, ಎರಡನೆಯದು ವೃತ್ತೀಯ ಧ್ರುವೀಕರಣ. ಈ ವಿಷಯದ ಅಧ್ಯಯನಕ್ಕೆ ತಮ್ಮ ಅಲ್ಪಾಯುಷ್ಯವನ್ನು ಮುಡಿಪಾಗಿಟ್ಟವರು ಎಸ್. ಪಂಚರತ್ನಂ.

ಪಂಚರತ್ನಂ ಅವರು 1934ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದರು. ಸರ್ ಸಿ. ವಿ. ರಾಮನ್ ಇವರ ಸೋದರಮಾವ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಅವರ ಮಾರ್ಗದರ್ಶನದಲ್ಲಿ ಇವರು ಸಂಶೋಧನೆಯನ್ನು ಕೈಗೊಂಡರು. ಹರಳುಗಳ ಮೂಲಕ ಹಾಯ್ದ ಬೆಳಕಿನ ಧ್ರುವೀಕರಣವು ಹೇಗೆ ಮಾರ್ಪಡುತ್ತದೆಂಬುದೇ ಇವರ ಚಿಂತನೆಯ ವಿಷಯವಾಯಿತು.

ಧ್ರುವೀಕರಣದ ಸಕಲ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸುವ ಕ್ರಮವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ ತೋರಿಸಿದ್ದರು. ರೇಖೀಯ ಸ್ಥಿತಿಗಳು ಆ ಗೋಳದ ಸಮಭಾಜಕ ವೃತ್ತದ ಮೇಲಿದ್ದರೆ, ಎಡಸುತ್ತು ಬಲಸುತ್ತುಗಳ ವೃತ್ತೀಯ ಸ್ಥಿತಿಗಳು ಎರಡು ಧ್ರುವಗಳಲ್ಲಿವೆ. ಬೆಳಕಿನ ಸ್ಥಿತಿಯು ಈ ಗೋಳದ ಮೇಲೆ ತ್ರಿಕೋನವೊಂದನ್ನು ಸುತ್ತಿ ಹೊರಟಲ್ಲಿಗೇ ಮರಳಿದರೂ, ಅಲೆಯ ಏರಿಳಿತವು ಮೊದಲಿಗಿಂತ ತುಸು ಮುಂದೆ ಅಥವಾ ಹಿಂದೆ ಸರಿದಿರುತ್ತದೆ. ಆ ಸರಿತವು ತ್ರಿಕೋನದ ವಿಸ್ತಾರವನ್ನು ಅವಲಂಬಿಸಿದೆ. 1956ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಪಂಚರತ್ನಂ ಈ ಸತ್ಯವನ್ನು ಪ್ರಕಟಿಸಿದರು. ಆದರೆ ಅದರ ಮಹತ್ವವನ್ನು ಅಂದು ಅರಿತವರು ವಿರಳ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಅವರು 1964ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. 1969ರಲ್ಲಿ, ಕೇವಲ 35ನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನ ಹೊಂದಿದರು.

1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಇಂತಹುದೇ ತತ್ತ್ವವನ್ನು ಬೇರೊಂದು ಮಾರ್ಗದಿಂದ ಕಂಡುಕೊಂಡರು. ಪಂಚರತ್ನಂ ಅದನ್ನು ಬೆಳಕಿನಲ್ಲಿ ಮೊದಲೇ ಕಂಡಿದ್ದರೆಂದು 1986ರಲ್ಲಿ ಅವರ ಅಣ್ಣ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಎತ್ತಿ ತೋರಿಸಿದರು. ಮರುವರ್ಷ ಬೆರಿಯವರೇ ಆ ಹಿರಿಮೆಯನ್ನು ಜಗತ್ತಿಗೆ ಸಾರಿದರು.

ರೇಡಿಯೋ ಅಲೆಗಳೂ ಬೆಳಕಿನ ಜಾತಿಯವೇ. ದೂರದ ಗ್ಯಾಲಕ್ಸಿಗಳ ಒಡಲಿನಿಂದ ಚಿಮ್ಮುವ ಮಹಾಚಿಲುಮೆಗಳಿಂದ ಬರುವ ಈ ಅಲೆಗಳಲ್ಲಿ ವೃತ್ತೀಯ ಅಂಶವು ಸಾಮಾನ್ಯವಾಗಿ ಶೇಕಡ 1ಕ್ಕಿಂತಲೂ ಕಡಿಮೆ. ಚಿಲುಮೆಯ ವಿದ್ಯುದಾವಿಷ್ಟ ಅನಿಲವು ಹರಳಿನಂತೆ ವರ್ತಿಸಿ, ರೇಖೀಯ ಧ್ರುವೀಕರಣದ ಸ್ವಲ್ಪ ಭಾಗವನ್ನು ವೃತ್ತೀಯವಾಗಿ ಮಾರ್ಪಡಿಸಬಲ್ಲದು. ಅದನ್ನು ಅಳೆದ ಖಗೋಳ ವಿಜ್ಞಾನಿಗಳು ಅಲ್ಲಿನ ಕಾಂತಕ್ಷೇತ್ರದ ಸ್ವರೂಪವನ್ನು ಊಹಿಸುತ್ತಾರೆ. ಆ ಮಾರ್ಪಾಡನ್ನು ಗುರುತಿಸುವುದೂ ಅದೇ ಗೋಳದ ಮೇಲೆಯೇ.

ಅಂಗೈಯಗಲದ ಹರಳಿನಲ್ಲಿ ಕಂಡ ನಿಯಮವು ಆಕಾಶದ ಅಂಚಿಗೂ ಸಲ್ಲುತ್ತದೆ. ಕೀರ್ತಿಯು ತಡವಾಗಿ ಬಂದರೂ ಸತ್ಯವು ಕಾದಿರುತ್ತದೆಂಬುದಕ್ಕೆ ಪಂಚರತ್ನಂ ಅವರ ಬಾಳೇ ಸಾಕ್ಷಿ.